ಹೊಂಗೆಗುಡ್ಡದ ದೊರೆ ಬಾಳೆಗೊನೆಯ ಹಿಂದೆ ಅಡಗಿದ್ದು

ಒಂದು ಸಂಸ್ಥಾನದ ದೊರೆ, ತನ್ನದೇ ಹೊಗಳುಭಟರಿಂದ ತಪ್ಪಿಸಿಕೊಳ್ಳಲು ತನ್ನದೇ ಉಗ್ರಾಣದಲ್ಲಿ ಬಾಳೆಗೊನೆಗಳ ಹಿಂದೆ ಅಡಗಿ ಕೂತಿದ್ದ. ಯಾಕಿರಬಹುದು, ಊಹಿಸಿ ನೋಡೋಣ. ಸಾಲ ಅಲ್ಲ, ದಂಗೆ ಅಲ್ಲ, ರಾಣಿಯವರೂ ಅಲ್ಲ. ಆಗಲಿಲ್ಲವೇ? ನಾನೇ ಹೇಳುತ್ತೇನೆ.

ಹೊಂಗೆಗುಡ್ಡ ಚಿಕ್ಕ ಸಂಸ್ಥಾನ. ಆನೆ ಒಂದೇ. ದಸರೆಗೆ ಮುಂಚೆ ಇಂಗ್ಲಿಷ್ ಏಜೆಂಟ್ ಸಾಹೇಬರು ಬಂದಾಗ ದೊರೆ ರುದ್ರಪ್ಪ ನಾಯಕರು ಆನೆಯಿಂದ ಇಳಿಯಹೋಗಿ, ಜಾರಿ, ಹುಲ್ಲಿನ ಮೇಲೆ ಕೂತು, ಅಲ್ಲಿಂದಲೇ ಕೈ ಮುಂದೆ ಚಾಚಿದರು. ಸಾಹೇಬರು ಸಭ್ಯರು. ಆ ಕೈ ಕುಲುಕಿ, "ಪ್ರಭುಗಳು ಮ್ಯಾಗ್ನಿಫಿಸೆಂಟ್ಲಿ ಇಳಿದರು" ಎಂದು ತಮ್ಮ ಭಾಷೆಯಲ್ಲಿ ಹೇಳಿ, ಊಟ ಮುಗಿಸಿ ಹೊರಟುಹೋದರು.

ದೊರೆ ಮಾರನೆಯ ದಿನ ದುಭಾಷಿ ಭುಜಂಗರಾಯನನ್ನು ಕರೆಸಿದರು.

"ಆ ಶಬ್ದ ನಮ್ಮ ಬಿರುದಾವಳಿಗೆ ಸೇರಬೇಕು. ಅದರ ಅರ್ಥ ಹೇಳು."

"ಠೀವಿಯಿಂದ ಅಂತ, ಮಹಾಸ್ವಾಮಿ."

"ಠೀವಿಯಿಂದ ನಮ್ಮ ಹುಂಜವೂ ನಡೆಯುತ್ತದೆ."

"ವೈಭವದಿಂದ."

"ಅದು ಬರೀ ಖರ್ಚಿನ ಮಾತು."

"ಭವ್ಯವಾಗಿ."

"ಅದು ಗೋಪುರಕ್ಕೆ ಹೇಳೋದು. ನಾವೇನು ಗೋಪುರವೇ?"

ದಿವಾನ್ ಮುದ್ದಯ್ಯನವರು ಕೆಮ್ಮಿದರು. ಅವರಿಗೊಬ್ಬ ಭಾವಮೈದುನನಿದ್ದ. ಇಂಗ್ಲಿಷ್ ಬಾರದಿದ್ದರೂ ದುಭಾಷಿಯ ಕೆಲಸದ ಮೇಲೆ, ಅದರ ಜೊತೆಗೆ ಬರುವ ಕೆರೆಯಂಚಿನ ಮನೆಯ ಮೇಲೆ ಅವನಿಗೆ ಬಹಳ ಪ್ರೀತಿ. "ಅರ್ಥ ತಿಳಿಯದ ದುಭಾಷಿ ಯಾಕೆ ಬೇಕು, ಮಹಾಸ್ವಾಮಿ?" ಎಂದರು ದಿವಾನರು.

"ವಿಜಯದಶಮಿಯ ದರ್ಬಾರಿನ ಹೊತ್ತಿಗೆ ನಮಗೆ ಒಪ್ಪುವ ಅರ್ಥ ಬೇಕು," ಎಂದರು ದೊರೆ. "ಇಲ್ಲದಿದ್ದರೆ ಮನೆ ಖಾಲಿ ಮಾಡು, ಭುಜಂಗ."

ಭುಜಂಗರಾಯನಿಗೆ ಮನೆಯ ಜಗುಲಿ ಕಣ್ಣಮುಂದೆ ಬಂತು. ಹೆಂಡತಿ ಆ ವಾರವಷ್ಟೇ ಅಲ್ಲಿ ಹಪ್ಪಳ ಒಣಹಾಕಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

"ಇದು ಹೇಳಿದರೆ ತಿಳಿಯುವ ಶಬ್ದವಲ್ಲ, ಬಳಸಿದರೆ ತಿಳಿಯುತ್ತದೆ. ಒಂಟಿಯಾಗಿ ನಿಲ್ಲುವುದೂ ಇಲ್ಲ. ಜೀನಿಗೆ ಕುದುರೆ ಬೇಕಾದಂತೆ ಇದಕ್ಕೊಂದು ಕೆಲಸ ಬೇಕು. ದರ್ಬಾರಿನ ತನಕ ಮಹಾಸ್ವಾಮಿಯವರು ಏನು ಮಾಡಿದರೂ ಹೊಗಳುಭಟರು ಈ ಶಬ್ದ ಸೇರಿಸಿ ಕೂಗಲಿ. ಅರ್ಥ ತಾನಾಗಿ ಹೊಳೆಯುತ್ತದೆ."

ದೊರೆಗೆ ಈ ಏರ್ಪಾಡು ಬಹಳ ಹಿಡಿಸಿತು. ಹೊಗಳುಭಟರಿಗೆ ಆ ಸಂಜೆಯೇ ಪಾಠವಾಯಿತು.

ಬೆಳಗ್ಗೆ ದೊರೆ ಕಣ್ಣು ಬಿಟ್ಟರು. "ಮಹಾಪ್ರಭುಗಳು ಮ್ಯಾಗ್ನಿಫಿಸೆಂಟ್ಲಿ ಎಚ್ಚರಗೊಂಡರು, ಬಹುಪರಾಕ್." ದೊರೆ ನಕ್ಕರು. ಮ್ಯಾಗ್ನಿಫಿಸೆಂಟ್ಲಿ ನಕ್ಕರು ಎಂದು ಹೊಗಳುಭಟರು ಕೂಗಿದರು. ದೊರೆ ಹಲ್ಲುಜ್ಜಿದರು, ಬಾಯಿ ಮುಕ್ಕಳಿಸಿದರು, ಅದಕ್ಕೂ ಅವರು ಕೂಗಿದರು. ಊಟದಲ್ಲಿ ಮೆಣಸಿನಕಾಯಿ ಕಚ್ಚಿ ಬಿಕ್ಕಳಿಕೆ ಬಂತು. ಹೊಗಳುಭಟರು ಒಂದು ಬಿಕ್ಕಳಿಕೆಯನ್ನೂ ಬಿಡಲಿಲ್ಲ. ರಾಣಿಯವರು ಎದ್ದು ಒಳಗೆ ಹೋದರು. ಹೋಗುವಾಗ ಅವರ ಹೆಗಲು ಕುಲುಕುತ್ತಿತ್ತು.

"ಸಾಕು, ನಿಲ್ಲಿಸಿ," ಎಂದರು ದೊರೆ.

"ಮಹಾಪ್ರಭುಗಳು ಮ್ಯಾಗ್ನಿಫಿಸೆಂಟ್ಲಿ ಸಾಕು ಎಂದರು," ಎಂದು ಹೊಗಳುಭಟರು ಕೂಗಿದರು. ಅವರ ತಪ್ಪೇನಿಲ್ಲ. ಒಮ್ಮೆ ಶುರುವಾದ ಬಿರುದನ್ನು ತುಂಬಿದ ದರ್ಬಾರಿನಲ್ಲಿಯೇ ಇಳಿಸಬೇಕು, ಇಳಿಸಿದ್ದನ್ನು ನೆಲಕ್ಕೆ ಹಾಕದೆ ಇನ್ನೊಬ್ಬರಿಗೆ ದಯಪಾಲಿಸಬೇಕು. ಅದು ದೊರೆಯ ಮುತ್ತಜ್ಜ ಮಾಡಿಟ್ಟ ಕಟ್ಟಳೆ.

ಹೀಗಾಗಿ ದರ್ಬಾರಿನ ಹಿಂದಿನ ದಿನ ಮಧ್ಯಾಹ್ನ ಉಗ್ರಾಣಕ್ಕೆ ಬಂದ ಭುಜಂಗರಾಯನಿಗೆ ಗೊನೆಗಳ ನಡುವೆ ಒಂದು ಜರತಾರಿ ಪೇಟ ಕಂಡಿತು. ಅದರ ಕೆಳಗೆ ದೊರೆ ಸದ್ದಿಲ್ಲದೆ ಬಾಳೆಹಣ್ಣು ತಿನ್ನುತ್ತಿದ್ದರು.

"ಕೂಗಬೇಡ," ಎಂದು ಪಿಸುಗುಟ್ಟಿದರು.

ಭುಜಂಗರಾಯ ಕೂಗಲಿಲ್ಲ. ಪಕ್ಕದಲ್ಲಿ ಕೂತ.

"ಭುಜಂಗ, ಸಾಹೇಬರು ಹೇಳಿದಾಗ ಆ ಮಾತು ಎಷ್ಟು ಚೆನ್ನಾಗಿತ್ತು. ಈಗ ಕೇಳಿದರೆ ಮೈ ಉರಿಯುತ್ತದೆ. ಶಬ್ದ ಅದೇ ಅಲ್ಲವೇ?"

"ಅದೇ, ಮಹಾಸ್ವಾಮಿ."

"ಹಾಗಾದರೆ ಏನು ಹೆಚ್ಚುಕಡಿಮೆ ಆಯಿತು?"

"ನೋಡಿದವರು ತಾವಾಗಿ ಹೇಳುವ ಮಾತು ಅದು. ಸಾಹೇಬರು ಒಮ್ಮೆ ಹೇಳಿ ಗಾಡಿ ಹತ್ತಿದರು. ನಾವು ಅದನ್ನು ಸಂಬಳ ಕೊಟ್ಟು ಇಟ್ಟುಕೊಂಡೆವು."

ದೊರೆ ಸಿಪ್ಪೆಯನ್ನು ಬಿಸಾಡಿದರು. ಆಮೇಲೆ ಎಷ್ಟು ನಕ್ಕರೆಂದರೆ ಹೊಗಳುಭಟರಿಗೆ ಜಾಗ ಗೊತ್ತಾಗಿಹೋಯಿತು.

"ಈ ಅರ್ಥ ನಮಗೆ ಒಪ್ಪಿಗೆ," ಎಂದರು, ಎದ್ದು ಓಡುವ ಮೊದಲು. "ಮನೆ ನಿನ್ನದೇ. ಆದರೆ ಬಿರುದನ್ನು ಯಾರಿಗಪ್ಪಾ ಕೊಡೋದು?"

"ಅರ್ಥದ ಬಗ್ಗೆ ಅಷ್ಟು ಕಾಳಜಿ ತೋರಿದವರು ಒಬ್ಬರಿದ್ದಾರಲ್ಲ, ಮಹಾಸ್ವಾಮಿ."

ದರ್ಬಾರಿನಲ್ಲಿ ದೊರೆ ಬಿರುದನ್ನು, ಕೂಗುವವರ ಸಮೇತ, ದಿವಾನರಿಗೆ ದಯಪಾಲಿಸಿದರು. ದಿವಾನರು ಕಣ್ಣೀರು ತುಂಬಿಕೊಂಡು ಸ್ವೀಕರಿಸಿದರು. ಮಾರನೆಯ ಬೆಳಗಿನ ಜಾವ ಅವರು ಹಿತ್ತಿಲ ಬಾಗಿಲು ಮೆಲ್ಲಗೆ ತೆರೆದು, ಅತ್ತಿತ್ತ ನೋಡಿ, ಹೊರಗೆ ಕಾಲಿಟ್ಟರು. ಬೇಲಿಯ ಆಚೆ ಹೊಗಳುಭಟರು ಸಾಲಾಗಿ ನಿಂತಿದ್ದರು.

"ದಿವಾನ್ ಮುದ್ದಯ್ಯನವರು ಮ್ಯಾಗ್ನಿಫಿಸೆಂಟ್ಲಿ ಚೊಂಬು ಹಿಡಿದು ಹೊರಟರು, ಬಹುಪರಾಕ್."

ಕೆರೆಯಂಚಿನ ಮನೆಯಲ್ಲಿ ಭುಜಂಗರಾಯ ಆ ಕೂಗು ಕೇಳಿ ಹೊದಿಕೆ ಎಳೆದುಕೊಂಡು ಮಗ್ಗುಲು ಬದಲಿಸಿದ. ಅಂದು ಆಶ್ವಯುಜ ಶುದ್ಧ ಏಕಾದಶಿ, ಬುಧವಾರ.