ಪೊಂಪವ್ವನ ಮುನ್ನೂರ ಹನ್ನೆರಡು ಗರಿ

"ಅಗಳಕೋಟೆಯ ಪ್ರಜೆಗಳೆಲ್ಲ ಕೇಳಿ! ಅರಮನೆಯಲ್ಲಿ ಮಸಾಲೆ ಅರೆಯುವ ಪೊಂಪವ್ವ ಎಂಬವಳು ಛಂದಸ್ಸಿಲ್ಲದ, ದೇವರ ಸ್ತುತಿಯಿಲ್ಲದ, ಅರಸರ ಹೊಗಳಿಕೆಯಿಲ್ಲದ ಉದ್ದನೆಯ ಕತೆ ಬರೆದಿದ್ದಾಳೆ. ಅದು ಗ್ರಂಥವೇ ಅಲ್ಲವೆಂದು ಆಸ್ಥಾನ ಪಂಡಿತರ ತೀರ್ಪು. ದಶಮಿಯ ದಿನ ಅದನ್ನು ಸುಟ್ಟು, ಅವಳ ಬಲಗೈ ಕಡಿಯಲಾಗುವುದು. ಅದಕ್ಕೆ ಮೊದಲು ರಾಜಕುಮಾರಿಯವರು ಮೂರು ಒಗಟು ಕೇಳುವರು. ಮೂರನ್ನೂ ಬಿಡಿಸಿದವರು ಬೇಡಿದ್ದನ್ನು ಅರಸರು ಕೊಡುವರು. ತಪ್ಪಿದವರ ತಲೆ ಹೋಗುವುದು. ಪಂಡಿತರೇ ಮೊದಲು ಉತ್ತರಿಸತಕ್ಕದ್ದು!"

ಡಂಗುರದವನು ಹೀಗೆ ಬೀದಿಬೀದಿಯಲ್ಲಿ ಸಾರಿದ.

ಪಂಡಿತರು ತೀರ್ಪು ಕೊಟ್ಟದ್ದು ಹೇಗೆ ಗೊತ್ತೆ? ಆ ಆಸ್ಥಾನದಲ್ಲಿ ಒಂದು ಪದ್ಧತಿಯಿತ್ತು. ಯಾವ ತಾಳೆಗರಿಯ ಕಟ್ಟು ಬಂದರೂ ಮೊದಲ ಗರಿಯಲ್ಲಿ ದೇವರನ್ನು ನೋಡುವರು, ಕೊನೆಯ ಗರಿಯಲ್ಲಿ ಅರಸನನ್ನು ನೋಡುವರು, ತಲೆದೂಗಿ ಶಾಲು ಹೊದಿಸುವರು. ನಡುವಿನದನ್ನು ಓದುವುದು ಅವರ ಘನತೆಗೆ ಕಡಿಮೆ. ಪೊಂಪವ್ವನ ಮೊದಲ ಗರಿಯಲ್ಲಿ ಒಬ್ಬ ಹೆಂಗಸು ಹೊಸ್ತಿಲಲ್ಲಿ ನಿಂತು ದಂಡಿಗೆ ಹೋದ ಗಂಡನ ದಾರಿ ನೋಡುತ್ತಿದ್ದಳು. ಕೊನೆಯ ಗರಿಯಲ್ಲೂ ನಿಂತೇ ಇದ್ದಳು. "ಏನೂ ನಡೆದೇ ಇಲ್ಲ!" ಎಂದು ಹಿರಿಯ ಪಂಡಿತ ಲೋಕಪಾಲ ನಕ್ಕ. ಅಷ್ಟಕ್ಕೇ ಕೈ ಕಡಿಯಬೇಕಂತೆ! ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಆ ಕಟ್ಟನ್ನು ಪೂರ್ತಿ ಓದಿದವರು ಇಬ್ಬರೇ. ಒಬ್ಬಳು ರಾಜಕುಮಾರಿ ಪದುಮಲೆ. ಆ ಮೂರು ಒಗಟು ಕೇಳಲು ಅವಳು ಅಪ್ಪನ ಮುಂದೆ ಹಟ ಹಿಡಿದು ಒಪ್ಪಿಗೆ ಪಡೆದಿದ್ದಳು. ಇನ್ನೊಬ್ಬ ಬೊಪ್ಪ. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಅಕ್ಷರಗಳು ಕಾಣುವಂತೆ ಗರಿಗೆ ಮಸಿ ಹಚ್ಚಿ, ದಾರ ಪೋಣಿಸಿ ಕೊಡುವುದು ಅವನ ಕಸುಬು. ಅವನ ಅಪ್ಪ ಮಾಚ ಅರಸನ ದಂಡಿಗೆ ನೀರು ಹೊತ್ತು ಹೋದವನು ತಿರುಗಿ ಬಂದಿರಲಿಲ್ಲ.

ದಶಮಿಯ ದಿನ ಸಭೆಯ ನಡುವೆ ಬೆಂಕಿ ಹೊತ್ತಿಸಿದರು. ಪಕ್ಕದಲ್ಲಿ ಪೊಂಪವ್ವ ಕೈಕಟ್ಟಿಸಿಕೊಂಡು ನಿಂತಿದ್ದಳು.

ಪದುಮಲೆ ಕೇಳಿದಳು: "ಅವರು ಯಾವ ತಾಯಿಯ ಹೊಟ್ಟೆಯಲ್ಲೂ ಹುಟ್ಟಿದವರಲ್ಲ. ಆದರೂ ಅವರು ಸತ್ತರೆ ನಮಗೆ ಊಟ ಸೇರುವುದಿಲ್ಲ. ಯಾರವರು?"

"ದೇವತೆಗಳು!" ಎಂದ ಲೋಕಪಾಲ.

"ದೇವತೆಗಳು ಸಾಯುತ್ತಾರೆಯೇ, ಪಂಡಿತರೇ?"

ಭಟರು ಅವನನ್ನು ಬದಿಗೆ ನಿಲ್ಲಿಸಿದರು.

"ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕಳೆಯುತ್ತದೆ, ಒಂದು ಮಧ್ಯಾಹ್ನ ನಲವತ್ತು ಗರಿ ನಡೆಯುತ್ತದೆ. ಎಲ್ಲಿ?"

"ಕನಸಿನಲ್ಲಿ," ಎಂದ ಎರಡನೆಯವನು.

"ಕನಸನ್ನು ಗರಿಯಿಂದ ಅಳೆಯುವವರು ಯಾರು?"

ಅವನನ್ನೂ ನಿಲ್ಲಿಸಿದರು.

"ಪ್ರತಿ ಗರಿಯಲ್ಲೂ ಇದೆ, ಯಾವ ಗರಿಯಲ್ಲೂ ಬರೆದಿಲ್ಲ. ತೆಗೆದರೆ ಎಲ್ಲ ಬಿದ್ದುಹೋಗುತ್ತದೆ. ಏನದು?"

"ನಮ್ಮ ಪ್ರಭುಗಳ ಕೀರ್ತಿ!" ಎಂದು ಮೂರನೆಯವನು ಕೈಮುಗಿದ. ಅರಸನಿಗೇ ನಾಚಿಕೆಯಾಯಿತು.

ಆಗ ಬೊಪ್ಪ ಮಸಿಗೈಯಲ್ಲೇ ಮುಂದೆ ಬಂದ.

"ನಾ ಹೇಳ್ತೀನಿ ಬುದ್ಧಿ. ಮೊದಲನೇದು, ಕತೆಯೊಳಗಿನ ಜನ. ಈ ಕಟ್ಟಿನಲ್ಲಿ ನೀರು ಹೊರುವವನೊಬ್ಬ ಇದ್ದಾನೆ, ಹೊಸ್ತಿಲಲ್ಲಿ ನಿಂತವಳ ಗಂಡ. ಅವನು ನಮ್ಮಪ್ಪ ಅಲ್ಲ, ಹೆಸರು ಬೇರೆ, ಊರು ಬೇರೆ. ಆದರೆ ನಮ್ಮಪ್ಪನ ಹಾಗೇ ಕೆಮ್ಮತಾನೆ. ಅವನು ಸಾಯೋ ಗರಿಗೆ ಮಸಿ ಹಚ್ಚಕ್ಕಾಗದೆ ಎರಡು ದಿನ ಸುಮ್ಮನೆ ಕೂತಿದ್ದೆ."

"ಎರಡನೇದು?" ಎಂದಳು ಪದುಮಲೆ.

"ಕತೆಯೊಳಗಿನ ಕಾಲ. ಅವನು ಮದುವೆಯಾಗಿ ತಲೆ ನರೆಯೋ ಇಪ್ಪತ್ತು ವರ್ಷ ಒಂದು ಸಾಲು. ಬಾಯಾರಿ ಸಾಯೋ ಮಧ್ಯಾಹ್ನ ನಲವತ್ತು ಗರಿ. ನೋವು ಎಷ್ಟು ಉದ್ದವೋ ಬರವಣಿಗೆ ಅಷ್ಟು ಉದ್ದ."

"ಮೂರನೇದು?"

"ಕತೆಯ ಎಳೆ, ನಾ ಪೋಣಿಸೋ ದಾರದ ಹಾಗೆ. ಮೂರನೇ ಗರಿಯಲ್ಲಿ ಒಬ್ಬ ಅರಸ ಬಾವಿ ಮುಚ್ಚಿಸ್ತಾನೆ. ಇನ್ನೂರ ನಾಲ್ಕನೇ ಗರಿಯಲ್ಲಿ ನೀರು ಹೊರುವವನಿಗೇ ನೀರಿಲ್ಲ. ಅದಕ್ಕೆ ಇದು ಕಾರಣ ಅಂತ ಪೊಂಪವ್ವ ಎಲ್ಲೂ ಬರೆದಿಲ್ಲ. ಓದಿದವನಿಗೆ ತಾನಾಗೇ ಗೊತ್ತಾಗುತ್ತೆ."

"ಯಾವ ಅರಸ?" ಎಂದು ಅರಸ ಕೇಳಿದ.

"ಕತೆಯ ಅರಸ, ಬುದ್ಧಿ."

"ಮೂರೂ ಸರಿ," ಎಂದಳು ಪದುಮಲೆ.

ಲೋಕಪಾಲ ಅಷ್ಟಾದ ಮೇಲಾದರೂ ಸುಮ್ಮನಿರಬೇಡವೆ? "ಇದು ಯಾವ ಜಾತಿಯ ಗ್ರಂಥ? ಅರಸರ ಚರಿತ್ರೆಯೋ, ಸಂಸಾರದ ಕತೆಯೋ, ಗುಟ್ಟು ಹುಡುಕುವ ಕತೆಯೋ? ಯಾವ ಗೂಡಿನಲ್ಲಿಡುವುದು?" ಎಂದ.

"ಮೊದಲು ಓದಿ ಸ್ವಾಮಿ, ಆಮೇಲೆ ಗೂಡು ಹುಡುಕಿ!" ಬೊಪ್ಪನ ದನಿ ಏರಿತು. "ಗೆದ್ದ ಯುದ್ಧಕ್ಕೆ ಕಲ್ಲು ನಿಲ್ಲಿಸಿದಿರಿ. ಅದರಲ್ಲಿ ಆನೆಯ ಹೆಸರಿದೆ, ನಮ್ಮಪ್ಪಂದಿಲ್ಲ. ಅಂಥವರು ಉಳಿದಿರೋದು ಈ ಕಟ್ಟಿನಲ್ಲಿ ಮಾತ್ರ. ಅದನ್ನೂ ಸುಡ್ತೀರಾ?"

"ಬೇಡಿದ್ದು ಕೊಡುತ್ತೇನೆ. ಅರ್ಧ ರಾಜ್ಯ ಬೇಕೆ?" ಎಂದ ಅರಸ.

"ಪೊಂಪವ್ವನ ಕೈಯ ಕಟ್ಟು ಬಿಚ್ಚಿಸಿ. ಈ ಪಂಡಿತರ ತಲೆ ತೆಗೀಬೇಡಿ, ತಲೆ ಇದ್ದರೆ ತಾನೆ ಓದೋದು? ಇಲ್ಲೇ ಕೂತು, ಮೊದಲ ಗರಿಯಿಂದ ಕೊನೆಯ ಗರಿವರೆಗೆ ಗಟ್ಟಿಯಾಗಿ ಓದಲಿ. ತಾವೂ ಕೂತು ಕೇಳಬೇಕು."

ಹಾಗೇ ಆಯಿತು. ಮೂರು ಹಗಲು ಓದಿದರು. ಇನ್ನೂರ ನಾಲ್ಕನೇ ಗರಿ ಓದುವಾಗ ಅರಸ ತನ್ನ ನೀರಿನ ತಂಬಿಗೆಯನ್ನು ದೂರ ಸರಿಸಿದ. ಗಂಡ ಸತ್ತ ಸುದ್ದಿ ಕತೆಯ ಆ ಹೆಂಗಸಿಗೆ ಮುಟ್ಟಲೇ ಇಲ್ಲ. ಅದು ಗೊತ್ತಿದ್ದದ್ದು ಕೇಳುತ್ತಿದ್ದವರಿಗೆ ಮಾತ್ರ. ಕೊನೆಯ ಗರಿ ಲೋಕಪಾಲನ ಪಾಲಿಗೆ ಬಂತು. ಅಂದು ನಕ್ಕ ಅದೇ ಸಾಲು: ಅವಳು ಹೊಸ್ತಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಅವನಿಂದ ಓದಲಾಗಲಿಲ್ಲ. ಗರಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತುಬಿಟ್ಟ. ಪೊಂಪವ್ವ ಎದ್ದು ಬಂದು, ಕಡಿಯದೆ ಉಳಿದ ಬಲಗೈಯಿಂದ ಗರಿ ತೆಗೆದುಕೊಂಡು ತಾನೇ ಓದಿ ಮುಗಿಸಿದಳು.

ಅರಸ ಅರಮನೆಯ ಗ್ರಂಥಗಳ ಉಸ್ತುವಾರಿಯನ್ನು ಬೊಪ್ಪನಿಗೆ ವಹಿಸಿದ. ಕಲ್ಲುಕುಟಿಗನನ್ನು ಕರೆಸಿ, ಯುದ್ಧದ ಕಲ್ಲಿನ ಮೇಲೆ "ನೀರು ಹೊತ್ತ ಮಾಚ" ಎಂದು ಕೆತ್ತಿಸಿದ. ಆನೆಯ ಹೆಸರಿನ ಕೆಳಗೆ ಕೆತ್ತಿಸಿದ. ಅದಕ್ಕೆ ನನಗೆ ಇನ್ನೂ ಸಿಟ್ಟಿದೆ.