ಏನೂ ಹೊರದ ಪೈಪು

ಮೇಸ್ತ್ರಿ ಚೌಡಪ್ಪ ತಾನೇ ಕಟ್ಟಿದ ಲಾರಿಗೆ ಟ್ಯಾಂಕು ಕೂರಿಸಿ, ಎಂಜಿನ್ನಿಗೆ ದಪ್ಪ ಡೀಸೆಲ್ ಪೈಪು ಎಳೆದ. ಟ್ಯಾಂಕಿನ ನೆತ್ತಿಗೊಂದು ಸಣ್ಣ ಗಾಳಿ ಪೈಪು ಸಿಕ್ಕಿಸಿ, ಕೆಲಸ ಮುಗಿಯುವತನಕ ಧೂಳು ಬೀಳದಿರಲೆಂದು ಅದರ ಬಾಯಿಗೆ ಚಿಂದಿ ತುರುಕಿದ.

“ಲಾರಿ ಓಡುವುದು ನನ್ನಿಂದ. ನೀನು ಹೊರುವುದೇನು?” ಎಂದು ದಪ್ಪ ಪೈಪು ಕೇಳಿತು.

“ಏನೂ ಇಲ್ಲ,” ಎಂದಿತು ಸಣ್ಣದು.

ಚೌಡಪ್ಪ ಚಕ್ರದಡಿ ನಿಂಬೆಹಣ್ಣು ಇಡಲು ಮರೆಯಲಿಲ್ಲ, ಚಿಂದಿ ತೆಗೆಯಲು ಮರೆತ. ಸೇತುವೆ ದಾಟುವಷ್ಟರಲ್ಲಿ ಲಾರಿ ನಿಂತಿತು. ಟ್ಯಾಂಕು ತುಂಬಿದ್ದರೂ, ದಪ್ಪ ಪೈಪು ಎಷ್ಟು ಹೀರಿದರೂ, ಒಂದು ತೊಟ್ಟು ಇಳಿಯಲಿಲ್ಲ.

ಚೌಡಪ್ಪ ಹಣೆ ಚಚ್ಚಿಕೊಂಡು ಚಿಂದಿ ಕಿತ್ತ. ಗಾಳಿ ಉಸ್ಸೆಂದು ಟ್ಯಾಂಕಿನೊಳಗೆ ಹೊಕ್ಕಿತು, ಡೀಸೆಲ್ ಹರಿಯಿತು.

ಈಗಲೂ ಲಾರಿ ಹೊರಡುವಾಗ ದಪ್ಪ ಪೈಪು ಮೊದಲು ಆ ಸಣ್ಣ ಉಸಿರಿಗೆ ಕಿವಿಗೊಡುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ.