ಮುಳುಗಿ ಸತ್ತ ಮೀನು

ನೀರಲ್ಲಿ ಮುಳುಗಿ ಸತ್ತ ಮೀನನ್ನು ನೀವು ಯಾರೂ ನೋಡಿಲ್ಲ. ನಾನು ನೋಡಿದ್ದೇನೆ.

ಆ ಬೇಸಿಗೆ ಎಂಥದ್ದು ಅಂತೀರಿ? ಮೊಸಳೆಗಳು ಹೊಳೆ ಬಿಟ್ಟು ಬಂದು ಹುಣಸೆಮರದ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದವು. ನಾನು ಒಂದೇ ಏಟಿಗೆ ಜಾಲಿಮರ ಉರುಳಿಸುತ್ತಿದ್ದ ಕಾಲ. ಅವತ್ತು ಹುಚ್ಚೀರಜ್ಜನ ಆಶ್ರಮಕ್ಕೆ ಕಟ್ಟಿಗೆ ಹೊತ್ತು ಹೋಗಿದ್ದೆ.

ಅಜ್ಜ ಭಿಕ್ಷೆಗೆಂದು ಊರೂರು ತಿರುಗಿ ಆಗಷ್ಟೇ ಮರಳಿದ್ದರು. ಹೋಗುವಾಗ ಹಿರಿಯ ಶಿಷ್ಯ ಭರಮಣ್ಣನಿಗೆ ಒಂದೇ ಮಾತು ಹೇಳಿದ್ದರು: "ಸೋಮಣ್ಣ ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದಾನೆ. ಅವನನ್ನು ಉಳಿಸಿಕೋ."

ಈಗ ಭರಮಣ್ಣ ಕೊಡದ ಮುಂದೆ ಕೂತಿದ್ದ. ಒಳಗೆ ಗೇಣುದ್ದದ ಚೇಳುಮೀನು, ಹೊಟ್ಟೆ ಮೇಲಾಗಿ. ಮೀಸೆಯಲ್ಲಿ ಮಾತ್ರ ನನಗೆ ಸಮ.

"ಅಜ್ಜಾ, ಮಡು ಬತ್ತಿ ಇದು ರಾಡಿಯಲ್ಲಿ ಹೊರಳ್ತಿತ್ತು. ಈ ಕೊಡಕ್ಕೆ ಬಾವಿಯ ತಿಳಿನೀರು ತುಂಬಿ ಅದರಲ್ಲಿ ಬಿಟ್ಟೆ. ಆದರೂ ಸತ್ತಿತು."

"ನೀರು ಎಷ್ಟಿತ್ತು?"

"ಬಾಯಿಮಟ್ಟ. ಹಾರಿಹೋಗಬಾರದೂಂತ ಮುಚ್ಚಳ ಇಟ್ಟು ಮಣ್ಣು ಮೆತ್ತಿದ್ದೆ."

ಅಜ್ಜ ಮೀನನ್ನು ಅಂಗೈಮೇಲೆ ಇಟ್ಟುಕೊಂಡರು.

"ರಾಡಿಯಲ್ಲಿ ಇದು ಏನು ಮಾಡ್ತಿತ್ತು, ನೋಡಿದ್ದೆಯಾ?"

"ಆಗಾಗ ಮೇಲೆ ಬಂದು ಬಾಯಿ ತೆರೀತಿತ್ತು. ಮತ್ತೆ ರಾಡಿಗೇ ಇಳೀತಿತ್ತು. ಅದೇನು ಚಟವೋ."

"ಚಟ ಅಲ್ಲಪ್ಪ. ಒಂದು ಗುಟುಕು ಗಾಳಿ. ಅದು ಸಿಗದಿದ್ದರೆ ಇದು ನೀರಲ್ಲೇ ಉಸಿರುಕಟ್ಟಿ ಸಾಯುವ ಜಾತಿ."



ಅಜ್ಜ ಸುತ್ತ ನೋಡಿದರು. "ಸೋಮಣ್ಣ ಕಾಣೋದಿಲ್ಲ?"

"ಕಲ್ಲುಕೋಣೆಯಲ್ಲಿ ಧ್ಯಾನಕ್ಕೆ ಕೂರಿಸಿದ್ದೇನೆ, ಅಜ್ಜಾ. ಸಂಜೆಯಾದರೆ ಅಂಬಿಗರ ಗುಡಿಸಲಿಗೆ ಓಡ್ತಿದ್ದ. ಬೀಡಿ, ಹರಟೆ. ಒಂದು ದಿನ ಅವನು ನಕ್ಕದ್ದು ಇಲ್ಲಿಗೇ ಕೇಳಿಸಿತು. ಹೆಂಡತಿ ಸತ್ತು ತಿಂಗಳಾಗಿಲ್ಲ, ನಗು."

"ನಕ್ಕಮೇಲೆ ಎಲ್ಲಿಗೆ ಹೋದ?"

"ವಾಪಸ್ಸು ಬಂದು ಧ್ಯಾನಕ್ಕೇ ಕೂತ."

"ಈಗ ಬಾಗಿಲು?"

"ಹೊರಗಿನಿಂದ ಅಗಳಿ ಹಾಕಿದ್ದೇನೆ. ಮೊದಮೊದಲು ಬಡೀತಿದ್ದ, ಅಳ್ತಿದ್ದ. ನಿನ್ನೆಯಿಂದ ಪೂರಾ ಶಾಂತ. ಕಿಂಡಿಯಲ್ಲಿಟ್ಟ ಗಂಜಿ ಹಾಗೇ ಇದೆ, ನೀರೂ ಹಾಗೇ ಇದೆ. ಉಪವಾಸ ಹಿಡಿದಿದ್ದಾನೆ ಅಂತ ನಾನು..."

ಭರಮಣ್ಣ ಕೊಡದ ಕಡೆ ನೋಡಿದ.

ಮೂವರೂ ಕೋಣೆಯ ಮುಂದೆ ಹೋಗಿ ನಿಂತೆವು. ಒಳಗೆ ಸದ್ದಿಲ್ಲ. ಜಾಲಿಮರ ಉರುಳಿಸುವ ನನಗೆ ಆ ಗೇಣುದ್ದದ ಅಗಳಿ ಮುಟ್ಟಲು ಕೈ ಬರಲಿಲ್ಲ.

ಅಜ್ಜನ ಅಂಗೈಯಲ್ಲಿ ಮೀನು ಇನ್ನೂ ಇತ್ತು.

"ಭರಮಣ್ಣಾ," ಅಂದರು, "ಮುಚ್ಚಳ ತೆಗೆ."